ನೋಟಿಸು ಅಂಟಿಸಿದರೂ ಯಾರೂ ಓದುತ್ತಿಲ್ಲ. ಅಕ್ಷರ ಜೋಡಿಸುವುದರಲ್ಲಿ ಏನು ಸರಿ ಮಾಡಬೇಕು?

ಬೆಳ್ಳಕ್ಕಿ:

ನಮಸ್ಕಾರ ಎಲ್ಲರಿಗೂ. ನಮ್ಮೂರ ಹಾಲಿನ ಡೇರಿಯ ನೋಟಿಸುಗಳನ್ನು ಟೈಪ್ ಮಾಡಿಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಸಂಬಳ ಗಿಂಬಳ ಏನಿಲ್ಲ. "ನಿನಗೆ ಕಂಪ್ಯೂಟರ್ ಬರುತ್ತಲ್ಲಮ್ಮಾ" ಅಂದರು, ಅಷ್ಟೇ.

ತೊಂದರೆ ಏನಂದರೆ, ಅಂಟಿಸಿದ್ದನ್ನು ಯಾರೂ ಓದುವುದಿಲ್ಲ. ನೋಟಿಸಿನ ಪಕ್ಕದಲ್ಲೇ ಕ್ಯಾನ್ ಹಿಡಿದು ನಿಂತು "ಏನಂತೆ ಅದು?" ಎಂದು ಕಾರ್ಯದರ್ಶಿಯನ್ನು ಕೇಳುತ್ತಾರೆ. ಓದು ಬಾರದವರೇನಲ್ಲ. ದಿನಾ ಪೇಪರ್ ಓದುವವರೇ ಹೀಗೆ ಕೇಳುತ್ತಾರೆ. ಕಳೆದ ಸಲದ ನೋಟಿಸು ಇಲ್ಲಿದೆ:

"ಎಲ್ಲಾ ಸದಸ್ಯರ ಗಮನಕ್ಕೆ. ಈ ಮೂಲಕ ಸಂಘದ ಎಲ್ಲಾ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಪ್ರೋತ್ಸಾಹಧನವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗಲು ಆಧಾರ್ ಜೋಡಣೆ ಕಡ್ಡಾಯವಾಗಿದ್ದು, ಜೋಡಣೆಯಾಗದೇ ಇರುವ ಸದಸ್ಯರು ದಿನಾಂಕ 20ರ ಒಳಗಾಗಿ ಆಧಾರ್ ಹಾಗೂ ಪಾಸ್‌ಬುಕ್ ನಕಲು ಪ್ರತಿಗಳೊಂದಿಗೆ ಬೆಳಗಿನ ಹಾಲು ಶೇಖರಣೆಯ ಸಮಯದಲ್ಲಿ ಕಾರ್ಯದರ್ಶಿಗಳನ್ನು ಸಂಪರ್ಕಿಸತಕ್ಕದ್ದು. ತಪ್ಪಿದಲ್ಲಿ ಸಂಘವು ಜವಾಬ್ದಾರಿಯಾಗಿರುವುದಿಲ್ಲ. ಇಂತಿ, ಕಾರ್ಯದರ್ಶಿಗಳು."

ಎ4 ಹಾಳೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಫಾಂಟು, ಸೈಜ್ 16. ಇಡೀ ನೋಟಿಸು ಬೋಲ್ಡ್, ಎರಡೂ ಅಂಚು ಸಮ, ಸುತ್ತ ಹೂಬಳ್ಳಿ ಬಾರ್ಡರು. ಮಾತು ಕಾರ್ಯದರ್ಶಿಯವರದು, ಬಾರ್ಡರು ನನ್ನದು. ಯಾವ ಫಾಂಟು ಹಾಕಿದರೆ ಜನ ಓದುತ್ತಾರೆ? ಫಾಂಟು ಬದಲಿಸಿದರೆ ಸಾಕಾಗುತ್ತದಾ?

ಡಿಟಿಪಿ_ದಾವಣಗೆರೆ:

ಅಕ್ಕಾ, ಫಾಂಟಿನ ವಿಷಯ ಆಮೇಲೆ ನೋಡೋಣ. ಮೊದಲು ಬೋಲ್ಡ್ ತೆಗೆಯಿರಿ. ಇಡೀ ಹಾಳೆ ದಪ್ಪಗಿದ್ದರೆ ಯಾವುದು ಮುಖ್ಯ ಅಂತ ಯಾರಿಗೆ ಗೊತ್ತಾಗಬೇಕು?

ನಿಮ್ಮ ನೋಟಿಸಿನಲ್ಲಿ ಜನಕ್ಕೆ ಬೇಕಾಗಿರುವುದು ಮೂರೇ ಮೂರು ಸಂಗತಿ. ದುಡ್ಡು, ತಾರೀಕು, ಏನು ತರಬೇಕು. ಆ ಮೂರೂ ಪ್ಯಾರಾದ ಹೊಟ್ಟೆಯೊಳಗೆ ಹೂತುಹೋಗಿವೆ. ಎಲ್ಲಕ್ಕಿಂತ ಮೇಲೆ ಇರುವುದು "ಎಲ್ಲಾ ಸದಸ್ಯರ ಗಮನಕ್ಕೆ". ಅದನ್ನು ಜನ ಎಷ್ಟು ನೋಡಿದ್ದಾರೆ ಅಂದರೆ, ಈಗ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಅಂಗಡಿಗೆ ಪಾಂಪ್ಲೆಟ್ ಮಾಡಿಸಲು ಬರುವವರು ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ಎಲ್ಲಾ ಎದ್ದು ಕಾಣಬೇಕು." ಅವರು ಹೇಳಿದ ಹಾಗೆ ಮಾಡಿದರೆ ಏನೂ ಎದ್ದು ಕಾಣುವುದಿಲ್ಲ.

ಸುಮ್ನೆ_ಬಂದೆ:

ಹೂಬಳ್ಳಿ ಬಾರ್ಡರು ನೋಡಿದರೆ ನಾಮಕರಣದ ಕಾರ್ಡು ಅಂದುಕೊಂಡಿರುತ್ತಾರೆ ಪಾಪ 😄

ಕೋಡುಬಳೆ:

ಬಾರ್ಡರಿನಿಂದ ಇನ್ನೊಂದು ನಷ್ಟವೂ ಇದೆ. ಅದು ಹಾಳೆಯ ಜಾಗ ತಿನ್ನುತ್ತದೆ. ಆ ಜಾಗ ಸಾಲುಗಳ ಮಧ್ಯೆ ಇರಬೇಕಿತ್ತು.

ನಾನು ವೆಬ್‌ಸೈಟು, ಆ್ಯಪು ಮಾಡುವವನು. ಅಲ್ಲೂ ಇದೇ ಗೋಳು. ಇಂಗ್ಲಿಷ್ ಸಾಲಿಗೆ ಕೊಟ್ಟ ಎತ್ತರವನ್ನೇ ಕನ್ನಡಕ್ಕೂ ಕೊಡುತ್ತಾರೆ. ಕನ್ನಡದ ಸಾಲು ಅಂದರೆ ಮೂರು ಅಂತಸ್ತಿನ ಮನೆ. ನಡುವೆ ಅಕ್ಷರದ ಮೈ. ಮೇಲೆ ತಲೆಕಟ್ಟು, ಗುಡಿಸು, ಏತ್ವ. ಕೆಳಗೆ ಒತ್ತಕ್ಷರ, ಐತ್ವದ ಬಾಲ. "ಸ್ತ್ರೀ ಶಕ್ತಿ ಸ್ವಸಹಾಯ ಸಂಘ" ಅಂತ ಟೈಪ್ ಮಾಡಿ ನೋಡಿ. ಸ್ತ್ರೀ ಒಂದರಲ್ಲೇ ಸಕಾರದ ಕೆಳಗೆ ತಕಾರ, ಅದರ ಜೊತೆಗೆ ರಕಾರ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇದರ ಕೆಳಗಿನ ಸಾಲಿನಲ್ಲಿ "ನಿರ್ದೇಶಕಿ" ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ.

ಪರದೆಯ ಮೇಲೆ ನಾನು ಕನ್ನಡಕ್ಕೆ ಅಕ್ಷರದ ಸೈಜಿನ 1.6ರಿಂದ 1.8ರಷ್ಟು ಸಾಲಿನ ಎತ್ತರ ಕೊಡುತ್ತೇನೆ. ಇಂಗ್ಲಿಷಿಗೆ 1.4 ಇದ್ದರೂ ನಡೆಯುತ್ತದೆ. ನಿಮ್ಮ ವರ್ಡ್‌ನಲ್ಲಿ ಲೈನ್ ಸ್ಪೇಸಿಂಗ್ 1.5 ಮಾಡಿ ಪ್ರಿಂಟ್ ತೆಗೆಯಿರಿ. ಫಾಂಟು ಬದಲಿಸುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

ಒಂದು ಆ್ಯಪಿನಲ್ಲಿ ನೋಡಿದ್ದು ಹೇಳುತ್ತೇನೆ, ಹೆಸರು ಬೇಡ. ಬಟನ್ನಿನ ಎತ್ತರವನ್ನು ಇಂಗ್ಲಿಷಿಗೆ ಅಳತೆ ಮಾಡಿ ಕಟ್ಟಿಹಾಕಿದ್ದರು. "ಸಲ್ಲಿಸಿ" ಎನ್ನುವುದರ ಒತ್ತು ಬಟನ್ನಿನ ಅಂಚಿಗೆ ಕತ್ತರಿಸಿಹೋಗಿ "ಸಲಿಸಿ" ಆಗಿ ಕೂತಿತ್ತು. ಕನ್ನಡ ಓದಬಲ್ಲ ಒಬ್ಬರು ಅದನ್ನು ಬಿಡುಗಡೆಗೆ ಮುಂಚೆ ನೋಡಿದ್ದರೆ ಸಾಕಿತ್ತು.

ಮೊಳೆಗಾರ:

ಕೋಡುಬಳೆಯವರು ಹೇಳಿದ್ದು ಸರಿ. ನಾನು ಲೆಟರ್‌ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದವನು. ಆಗ ಸಾಲು ಸಾಲಿನ ಮಧ್ಯೆ ಜಾಗ ಬಿಡಲು ಲೆಡ್ ಪಟ್ಟಿ, ಅಂದರೆ ಸೀಸದ ಪಟ್ಟಿ, ಇಡುತ್ತಿದ್ದೆವು. ಪಟ್ಟಿ ಉಳಿಸಿದರೆ ಪುಟ ಉಳಿಯುತ್ತದೆ ಅಂತ ಮಾಲೀಕರಿಗೆ ಆಸೆ. ಪ್ರೂಫ್ ಓದುವವರಿಗೆ ಅದೇ ಸಂಕಟ.

ಇಂಗ್ಲಿಷ್ ಜೋಡಿಸುವವನಿಗೆ ಸಣ್ಣಕ್ಷರ, ದೊಡ್ಡಕ್ಷರ, ಅಂಕಿ, ಚಿಹ್ನೆ ಅಷ್ಟಾದರೆ ಮುಗಿಯಿತು. ನಮ್ಮ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಪೆಟ್ಟಿಗೆಯಲ್ಲಿ, ನೂರಾರು ಮನೆ. ಗುಣಿತದ ಮೊಳೆ ಬೇರೆ, ಒತ್ತಿನ ಮೊಳೆ ಬೇರೆ. ಕೈ ತಾನಾಗಿಯೇ ಹೋಗಬೇಕು. ಹುಡುಕುತ್ತಾ ಕೂತರೆ ಸಂಜೆಗೆ ಒಂದು ಗ್ಯಾಲಿಯೂ (ಜೋಡಿಸಿದ ಸಾಲು ಇಡುವ ತಟ್ಟೆ) ತುಂಬುತ್ತಿರಲಿಲ್ಲ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ 1841ರಲ್ಲಿ ಪ್ರೆಸ್ ಇಟ್ಟರು. 1843ರ ಮಂಗಳೂರ ಸಮಾಚಾರ ಪತ್ರಿಕೆ ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರಹ ಮೂಡಿಸಿ ಒತ್ತುವ ಅಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಕೈಯಲ್ಲಿ ಬರೆದ ಹಾಗೇ ಒತ್ತಿಗೆ ಬೇಕಾದಷ್ಟು ಜಾಗ ಬಿಡಬಹುದು. ಮೊಳೆಗೆ ಆ ಸ್ವಾತಂತ್ರ್ಯ ಇಲ್ಲ. ಹಾಗಾಗಿ ಜಾಗವನ್ನು ಲೆಕ್ಕ ಹಾಕಿಯೇ ಕೊಡಬೇಕಾಯಿತು. ಕಂಪ್ಯೂಟರಿನಲ್ಲಿ ಸ್ವಾತಂತ್ರ್ಯ ವಾಪಸ್ ಬಂದಿದೆ, ಜಾಗ ಕೊಡುವ ಅಭ್ಯಾಸ ಮಾತ್ರ ಬಂದಿಲ್ಲ.

ಇನ್ನೊಂದು. ಎರಡೂ ಅಂಚು ಸಮ ಮಾಡುವುದನ್ನು ಬಿಡಬೇಡಿ. ಅಂಚು ಹರಿದ ಹಾಗಿದ್ದರೆ ನೋಟಿಸಿಗೆ ಗೌರವ ಇರುವುದಿಲ್ಲ.

ಕೋಡುಬಳೆ:

ಗುರುಗಳೇ, ಅಂಚಿನ ಮಾತು ಮಾತ್ರ ಒಪ್ಪಲಾರೆ. ನೀವು ಪದ ಒಡೆದು ಮುಂದಿನ ಸಾಲಿಗೆ ತಳ್ಳುತ್ತಿದ್ದಿರಿ. ಈಗ ಮನೆಯಲ್ಲಿ ಟೈಪ್ ಮಾಡುವವರು ಯಾರೂ ಕೂತು ಪದ ಒಡೆಯುವುದಿಲ್ಲ, ತಂತ್ರಾಂಶವೂ ತಾನಾಗಿ ಒಡೆಯುವುದಿಲ್ಲ. "ತಿಳಿಯಪಡಿಸುವುದೇನೆಂದರೆ" ಹನ್ನೊಂದು ಅಕ್ಷರ. ಅದು ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಹೋಯಿತು ಅಂದರೆ ಮೇಲೆ ಉಳಿದ ಮೂರು ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬೀಳುತ್ತದೆ.

ಮೊಳೆಗಾರ:

ಪದ ಒಡೆಯದೆ ಅಂಚು ಸಮ ಮಾಡಿದರೆ ಹಾಗಾಗುವುದು ನಿಜ. ಪುಸ್ತಕಕ್ಕೆ ನನ್ನ ಮಾತು, ನೋಟಿಸಿಗೆ ನಿಮ್ಮ ಮಾತು ಇರಲಿ. ಅಗಲ ಕಡಿಮೆ ಇದ್ದಷ್ಟೂ ನೀವು ಹೇಳುವ ತೊಂದರೆ ಜಾಸ್ತಿ.

ಡಿಟಿಪಿ_ದಾವಣಗೆರೆ:

ಎಡಕ್ಕೆ ಹೊಂದಿಸಿ, ಬಲಗಡೆ ಹೇಗಾದರೂ ಇರಲಿ. ನೋಟಿಸಿಗೆ ಅದೇ ಸರಿ. ಇನ್ನೊಂದು ಮುಖ್ಯ ವಿಷಯ. ಸಾಲು ಎಲ್ಲಿ ಮುರಿಯುತ್ತದೆ ಅನ್ನುವುದನ್ನು ಕಂಪ್ಯೂಟರಿಗೆ ಬಿಡಬೇಡಿ. "20ನೇ" ಒಂದು ಸಾಲಿನಲ್ಲಿ, "ತಾರೀಕಿನ ಒಳಗೆ" ಇನ್ನೊಂದು ಸಾಲಿನಲ್ಲಿ ಬೀಳಬಾರದು. ವರ್ಡ್‌ನಲ್ಲಿ ಅಂಥ ಕಡೆ ಬರೀ ಸ್ಪೇಸ್ ಬದಲು ಕಂಟ್ರೋಲ್, ಶಿಫ್ಟ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ. ಎರಡು ಪದ ಅಂಟಿಕೊಂಡೇ ಇರುತ್ತವೆ.

ಕನ್ನಡ_ಮೇಷ್ಟ್ರು:

ಫಾಂಟು, ಅಂಚು ಎಲ್ಲ ಸರಿ. ಬರವಣಿಗೆಯನ್ನು ಯಾರೂ ಮುಟ್ಟಲಿಲ್ಲವಲ್ಲ! ಒಂದೇ ವಾಕ್ಯದಲ್ಲಿ ಐದು ವಿಷಯ ತುರುಕಿದ್ದಾರೆ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ. ಇದನ್ನು ಎಷ್ಟು ಚೆಂದದ ಅಕ್ಷರದಲ್ಲಿ ಅಚ್ಚು ಹಾಕಿದರೂ ಓದಿಸಿಕೊಳ್ಳುವುದಿಲ್ಲ. ನಾನು ಹೀಗೆ ಬರೆಯುತ್ತಿದ್ದೆ:

ಪ್ರೋತ್ಸಾಹಧನ ಬರಬೇಕಾದರೆ
ಆಧಾರ್ ಜೋಡಿಸಿ

ಕೊನೆಯ ದಿನ: 20ನೇ ತಾರೀಕು, ಶನಿವಾರ

ಆಧಾರ್ ಜೆರಾಕ್ಸ್ ಒಂದು
ಪಾಸ್‌ಬುಕ್ ಜೆರಾಕ್ಸ್ ಒಂದು
ಬೆಳಿಗ್ಗೆ ಹಾಲು ಹಾಕಲು ಬರುವಾಗ ತನ್ನಿ

ಆಗಲೇ ಜೋಡಿಸಿದವರು ಮತ್ತೆ ತರಬೇಕಿಲ್ಲ.

ಕೊನೆಯ ಸಾಲು ನಿಮ್ಮ ನೋಟಿಸಿನಲ್ಲಿ ನೇರವಾಗಿ ಇರಲೇ ಇಲ್ಲ. ಕಾರ್ಯದರ್ಶಿಯ ಹತ್ತಿರ ಬಂದು ಕೇಳುವವರಲ್ಲಿ ಅರ್ಧ ಜನ ಅದನ್ನೇ ಕೇಳುತ್ತಿರಬೇಕು, "ನಂದು ಆಗಿದೆಯಲ್ಲ, ಮತ್ತೆ ತರಬೇಕಾ?" ಅಂತ. ಅಲ್ವಾ?

ಬೆಳ್ಳಕ್ಕಿ:

ಮೇಷ್ಟ್ರೇ, ಎದುರಿಗೆ ನಿಂತು ನೋಡಿದ ಹಾಗೆ ಹೇಳಿದಿರಿ! ಅದೇ ಪ್ರಶ್ನೆ ಕೇಳುತ್ತಾರೆ.

ಆದರೆ ಇದನ್ನು ತೋರಿಸಿದ್ದಕ್ಕೆ ಕಾರ್ಯದರ್ಶಿಯವರು ಮುಖ ಸಣ್ಣದು ಮಾಡಿಕೊಂಡರು. "ಈ ಮೂಲಕ" ಇಲ್ಲ, "ಇಂತಿ" ಇಲ್ಲ, ಇದು ನೋಟಿಸಾ, ಅಂಗಡಿ ಜಾಹೀರಾತಾ ಅಂತ ಕೇಳಿದರು. "ಜೋಡಿಸಿ" ಅಂದರೆ ಹಿರಿಯರಿಗೆ ಅಪ್ಪಣೆ ಕೊಟ್ಟ ಹಾಗಾಗುತ್ತದಂತೆ.

ಕನ್ನಡ_ಮೇಷ್ಟ್ರು:

ಅವರ ಮಾತಿನಲ್ಲೂ ಹುರುಳಿದೆ. ತಳ್ಳಿಹಾಕಬೇಡಿ. ಮೇಲ್ಗಡೆ ಸಂಘದ ಹೆಸರು ಸಣ್ಣ ಅಕ್ಷರದಲ್ಲಿ ಬರಲಿ. ಕೆಳಗೆ ಬಲಗಡೆ "ಇಂತಿ, ಕಾರ್ಯದರ್ಶಿ" ಅಂತ ಹಾಕಿ, ಸಹಿ ಮಾಡಿಸಿ, ಸೀಲು ಹೊಡೆಸಿ. ನೋಟಿಸಿಗೆ ಅಧಿಕಾರ ಬರುವುದು ಸಹಿ, ಸೀಲಿನಿಂದ. "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಇಂದ ಅಲ್ಲ. "ಜೋಡಿಸಿ" ಎನ್ನುವಲ್ಲಿ "ದಯವಿಟ್ಟು" ಸೇರಿಸಿದರೆ ಯಾರಿಗೂ ಬೇಜಾರಿಲ್ಲ. ಆದರೆ "ದಯವಿಟ್ಟು" ದಪ್ಪ ಅಕ್ಷರದಲ್ಲಿ ಬೇಡ ಮಾರಾಯ್ತಿ.

ಬ್ರಷ್_ಹುಬ್ಬಳ್ಳಿ:

ನಾವು ಬೋರ್ಡ್ ಬರೆಯುವ ಮಂದಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿ ಆಗೇತಿ, ಆದರ ಕಣ್ಣಳತೆ ಹೋಗಿಲ್ರಿ.

ನಿಮ್ಮ ನೋಟಿಸನ್ನು ಜನ ಎಷ್ಟು ದೂರದಿಂದ ನೋಡುತ್ತಾರೆ, ಅದನ್ನು ಮೊದಲು ಹೇಳ್ರಿ. ಬೋರ್ಡಿನ ಕೆಲಸದಲ್ಲಿ ಒಂದು ಅಂದಾಜು ಲೆಕ್ಕ ಇದೆ. ಹತ್ತು ಅಡಿ ದೂರದಿಂದ ಸಲೀಸಾಗಿ ಓದಬೇಕಂದರೆ ಅಕ್ಷರ ಒಂದು ಇಂಚು ಎತ್ತರ ಇರಬೇಕು. ಡೇರಿಯಲ್ಲಿ ಸಾಲು ನಿಂತವರು ಗೋಡೆಯಿಂದ ಐದಾರು ಅಡಿ ದೂರದಲ್ಲಿ ಇರುತ್ತಾರೆ. ಕೈಯಲ್ಲಿ ಕ್ಯಾನು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಓದು ಅಂದರೆ ಯಾರು ಓದುತ್ತಾರ್ರಿ? ಸಾಲು ತಪ್ಪುತ್ತದೆ.

16 ಸೈಜು ಅಂದರೆ ಗುಡಿಸು, ಒತ್ತು ಎಲ್ಲಾ ಹಿಡಿದು ಅರ್ಧ ಸೆಂಟಿಮೀಟರ್ ಆಸುಪಾಸು. ಅಕ್ಷರದ ಮೈ ಅದಕ್ಕಿಂತಲೂ ಸಣ್ಣದು. ಕಂಪ್ಯೂಟರಿನಲ್ಲಿ 72 ಕೊಟ್ಟರೆ ಒಂದು ಇಂಚು ಅಂತ ಹುಡುಗರು ಹೇಳುತ್ತಾರೆ. ಆ ಇಂಚಿನಲ್ಲಿ ಮೇಲಿನದು, ಕೆಳಗಿನದು ಎಲ್ಲಕ್ಕೂ ಪಾಲು ಹೋಗುತ್ತದೆ. ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. ಹಾಳೆಯನ್ನು ಗೋಡೆಗೆ ಅಂಟಿಸಿ, ಸಾಲು ನಿಲ್ಲುವ ಜಾಗದಲ್ಲಿ ನೀವೇ ನಿಂತು ಓದಿ ನೋಡಿ.

ಬೋರ್ಡ್ ಬರೆಯುವಾಗ ನಾವು ಮೊದಲು ಹೆಸರಿನಲ್ಲಿ ಒತ್ತಕ್ಷರ ಎಲ್ಲೆಲ್ಲಿ ಇದೆ ನೋಡುತ್ತೇವೆ. "ಲಕ್ಷ್ಮೀ" ಬಂತು ಅಂದರೆ ಕೆಳಗೆ ಜಾಗ ಬಿಟ್ಟೇ ದಾರ ಹೊಡೆದು ಗೆರೆ ಹಾಕುವುದು. ಬಿಡದೆ ಹೊಡೆದರೆ ಕೊನೆಗೆ ಮಕಾರದ ಒತ್ತು ಪಟ್ಟಿ ದಾಟಿ ಕಟ್ಟಿಗೆ ಮೇಲೆ ಹೋಗುತ್ತದೆ.

ಸುಮ್ನೆ_ಬಂದೆ:

ಬ್ರಷ್ ಅಣ್ಣಾ, ಬೋರ್ಡಿನ ಮಾತು ಬಂತಲ್ಲ, ಕೇಳುತ್ತೇನೆ. ಈಗ ಬೋರ್ಡಿನಲ್ಲಿ 60 ಭಾಗ ಕನ್ನಡ ಕಡ್ಡಾಯ ಆದ ಮೇಲೆ ನಿಮಗೆ ಕೆಲಸ ಜಾಸ್ತಿ ಆಯ್ತಾ?

ಬ್ರಷ್_ಹುಬ್ಬಳ್ಳಿ:

ಕೆಲಸ ಫ್ಲೆಕ್ಸ್‌ನವರಿಗೆ ಹೋಯಿತು, ನಮಗಲ್ಲ. 2024ರ ತಿದ್ದುಪಡಿಯಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಬೋರ್ಡಿನ ಮೇಲಿನ ಅರ್ಧದಲ್ಲಿ ಅಂತ ಬಂತು. ಒಳ್ಳೆಯದೇ. ಆದರೆ ಮಂದಿ ಏನು ಮಾಡುತ್ತಾರೆ ನೋಡ್ರಿ. ಕನ್ನಡದ ಹೆಸರನ್ನು ಹಿಡಿದು ಅಡ್ಡಕ್ಕೆ ಎಳೆಯುತ್ತಾರೆ. ಜಾಗ ತುಂಬಿತು, ಕಾನೂನು ಮುಗಿಯಿತು. ಎಳೆದ ಅಕ್ಷರದಲ್ಲಿ ನಿಂತ ಗೆರೆ ದಪ್ಪ ಆಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ. ದುಂಡಗಿನ ಠ ಹೋಗಿ ಮೊಟ್ಟೆ ಆಗುತ್ತದೆ. ಬಸ್ಸಿನಿಂದ ನೋಡಿದರೆ ಇಂಗ್ಲಿಷೇ ಮೊದಲು ಓದಿಸಿಕೊಳ್ಳುತ್ತದೆ, ಅದು 40 ಭಾಗದಲ್ಲಿ ಇದ್ದರೂ.

ಡಿಟಿಪಿ_ದಾವಣಗೆರೆ:

ಎಳೆಯುವ ಬದಲು ಅಗಲ ಬೇರೆ ಬೇರೆ ಇರುವ ಫಾಂಟು ತಗೊಳ್ಳಬೇಕು. ಅನೇಕ್ ಕನ್ನಡದಲ್ಲಿ ಕಿರಿದು, ಅಗಲ ಎಲ್ಲಾ ಬರುತ್ತದೆ. ಬಿಡಿಸಿದವರೇ ಆ ಅಗಲಕ್ಕೆ ತಕ್ಕ ಹಾಗೆ ಗೆರೆ ತಿದ್ದಿರುತ್ತಾರೆ. ದುಡ್ಡೂ ಇಲ್ಲ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಬೆಳ್ಳಕ್ಕಿಯವರ ಫಾಂಟಿನ ಪ್ರಶ್ನೆಗೂ ಈಗ ಬರುತ್ತೇನೆ. ನೋಟಿಸಿಗೆ ನೋಟೋ ಸಾನ್ಸ್ ಕನ್ನಡ ಇಲ್ಲವೇ ಅನೇಕ್ ಸಾಕು. ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕವೂ (ಗೆರೆಯ ದಪ್ಪ) ಇವೆ. ಗುಂಡುಗುಂಡಾಗಿ, ಸ್ವಲ್ಪ ಖುಷಿಯಾಗಿ ಬೇಕು ಅಂದರೆ ಬಲೂ ತಮ್ಮ, ಆದರೆ ಅದು ತಲೆಬರಹಕ್ಕೆ ಮಾತ್ರ. ಪುಸ್ತಕದ ಒಳಪುಟಕ್ಕೆ ಆದರೆ ನೋಟೋ ಸೆರಿಫ್, ತಿರೋ ಕನ್ನಡ ಚೆನ್ನಾಗಿವೆ. ಕಂಪ್ಯೂಟರಿನಲ್ಲಿ ಮೊದಲೇ ಇರುವುದೇ ಸಾಕು ಅಂದರೆ ವಿಂಡೋಸ್‌ನ ನಿರ್ಮಲಾ ಯುಐ. ಹಳೇ ತುಂಗಾ ಬೇಡ, ಗೆರೆ ತೆಳು, ಗೋಡೆ ಮೇಲೆ ಕಾಣುವುದಿಲ್ಲ.

ಒಂದೇ ತೂಕ ಇರುವ ಫಾಂಟಿಗೆ ಬೋಲ್ಡ್ ಬಟನ್ ಒತ್ತಿದರೆ ತಂತ್ರಾಂಶ ಸುಮ್ನೆ ಗೆರೆಗೆ ಮಸಿ ಬಳಿಯುತ್ತದೆ. ಧಕಾರದ ಹೊಟ್ಟೆ ಸೀಳು ಅಲ್ಲೇ ಮುಚ್ಚಿಹೋಗುತ್ತದೆ. ನಿಮ್ಮ ನೋಟಿಸಿನಲ್ಲಿ "ಪ್ರೋತ್ಸಾಹಧನ" ಇದೆ. ಜೆರಾಕ್ಸ್ ಮೇಲೆ ಜೆರಾಕ್ಸ್ ಹೊಡೆದರೆ "ಪ್ರೋತ್ಸಾಹದನ" ಅಂತಲೇ ಕಾಣುವುದು.

ಸುಮ್ನೆ_ಬಂದೆ:

ಹಾಲಿನ ಡೇರಿಯಲ್ಲಿ ದನ ಕೊಡುತ್ತಾರೆ ಅಂದರೆ ಜನ ಖಂಡಿತ ಓದುತ್ತಾರೆ. ತಿದ್ದಬೇಡಿ 😄

ಕನ್ನಡ_ಮೇಷ್ಟ್ರು:

ನಗುವುದಿದ್ದರೆ ಇದಕ್ಕೆ ನಗಿ. ಔಷಧದ ಚೀಟಿಯಲ್ಲಿ "ಅರ್ಧ ಮಾತ್ರೆ" ಎನ್ನುವಲ್ಲಿ ಅಕ್ಷರ ಮುಚ್ಚಿಕೊಂಡರೆ ನಗು ಬರುವುದಿಲ್ಲ. ದ, ಧ, ಥ ಮೂರಕ್ಕೂ ವ್ಯತ್ಯಾಸ ಒಂದು ಸಣ್ಣ ಸೀಳು, ಒಂದು ಚುಕ್ಕೆ. ಬ ಭ, ಡ ಢ ಕೂಡ ಹಾಗೇ. ಫಾಂಟು ಆರಿಸುವಾಗ ಈ ಜೋಡಿಗಳನ್ನು ನೀವು ಬಳಸುವ ಸೈಜಿನಲ್ಲೇ ಪಕ್ಕಪಕ್ಕ ಟೈಪ್ ಮಾಡಿ ನೋಡಿ. ಪ, ಷ, ಫ ಕೂಡ ಹಾಕಿ. ದೊಡ್ಡದು ಮಾಡಿ ನೋಡಿದರೆ ಎಲ್ಲ ಫಾಂಟೂ ಚೆಂದವೇ.

ದೂರದೂರು:

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿನ ಕನ್ನಡ ಕೂಟದ ಪೋಸ್ಟರ್ ಮಾಡುತ್ತೇನೆ, ಅದಕ್ಕೆ ಈ ಚರ್ಚೆ ಇಷ್ಟವಾಯಿತು. ನಮ್ಮ ತೊಂದರೆ ಎರಡು ಲಿಪಿ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಎರಡಕ್ಕೂ ಒಂದೇ ಸೈಜು ಕೊಟ್ಟರೆ ಒಂದು ದೊಡ್ಡದು, ಒಂದು ಸಣ್ಣದು ಕಾಣುತ್ತದೆ. ಇಂಗ್ಲಿಷಿನಲ್ಲಿ ಎಲ್ಲಾ ದೊಡ್ಡಕ್ಷರ ಹಾಕಿ ಒತ್ತು ಕೊಡುತ್ತಾರೆ. ಕನ್ನಡದಲ್ಲಿ ಅದಕ್ಕೆ ಏನು ಮಾಡಬೇಕು? ಓರೆ ಅಕ್ಷರ ಹಾಕಿದರೆ ವಿಚಿತ್ರವಾಗಿ ಕಾಣುತ್ತದೆ.

ಮೊಳೆಗಾರ:

ಓರೆ ಬೇಡವೇ ಬೇಡ. ಕನ್ನಡಕ್ಕೆ ಹುಟ್ಟಿನಿಂದ ಅಂಥ ಅಕ್ಷರ ಇಲ್ಲ. ತಂತ್ರಾಂಶ ನೆಟ್ಟಗಿರುವುದನ್ನು ತಳ್ಳಿ ಬೀಳಿಸುತ್ತದೆ ಅಷ್ಟೇ. ನಾವು ಪ್ರೆಸ್ಸಿನಲ್ಲಿ ಒಂದು ಮಾತು ಎತ್ತಿ ತೋರಿಸಬೇಕಾದರೆ ದಪ್ಪ ಮೊಳೆ ಹಾಕುತ್ತಿದ್ದೆವು. ಇಲ್ಲವೇ ಆ ಸಾಲಿನ ಮೇಲೆ ಕೆಳಗೆ ಎರಡೆರಡು ಪಟ್ಟಿ ಜಾಸ್ತಿ ಇಡುತ್ತಿದ್ದೆವು. ಸುತ್ತ ಖಾಲಿ ಬಿಟ್ಟರೆ ಸಣ್ಣ ಅಕ್ಷರವೂ ಕಾಣುತ್ತದೆ. ಅಡಿಗೆರೆ ಎಳೆಯಬೇಡಿ, ಒತ್ತಕ್ಷರದ ನಡುವೆಯೇ ಹಾದುಹೋಗುತ್ತದೆ.

ಕೋಡುಬಳೆ:

ದೂರದೂರು ಅವರೇ, ಸೈಜಿನ ಅಂಕಿ ನಂಬಬೇಡಿ. ಕನ್ನಡದ ಅಕ್ಷರದ ಮೈಯನ್ನು ಇಂಗ್ಲಿಷಿನ ಸಣ್ಣಕ್ಷರದ ಮೈ ಪಕ್ಕ ಇಟ್ಟು ಕಣ್ಣಿಗೆ ಸಮ ಕಾಣುವವರೆಗೆ ಒಂದನ್ನು ಹೆಚ್ಚು ಕಡಿಮೆ ಮಾಡಿ. ಫಾಂಟಿನಿಂದ ಫಾಂಟಿಗೆ ಬೇರೆ ಬರುತ್ತದೆ. ಎರಡೂ ಲಿಪಿ ಇರುವ ಒಂದೇ ಫಾಂಟ್ ಮನೆತನ ತಗೊಂಡರೆ ಕೆಲಸ ಸುಲಭ.

ಅಕ್ಷರಗಳ ಮಧ್ಯೆ ಜಾಗ ಎಳೆಯುವುದೂ ಇಂಗ್ಲಿಷಿನ ಚಾಳಿ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಲ್ಲಿ, ಇದನ್ನು ಮಾಡಿ ನೋಡಿ, ತಮಾಷೆ. ಆ ಫಾಂಟಿನಲ್ಲಿ ಕನ್ನಡ ಎಂಬ ಮೂರಕ್ಷರ ಏಳು ತುಂಡು. ಕಕಾರದ ಮೈ ಒಂದು, ಅದರ ತಲೆಕಟ್ಟು ಒಂದು, ನಕಾರ, ಅದರ ತಲೆಕಟ್ಟು, ಕೆಳಗಿನ ಒತ್ತು, ಡಕಾರ, ಅದರ ತಲೆಕಟ್ಟು. ಜಾಗ ಎಳೆದರೆ ತಲೆಗಳೆಲ್ಲ ಮೈ ಬಿಟ್ಟು ಪಕ್ಕಕ್ಕೆ ಸರಿಯುತ್ತವೆ. ಯೂನಿಕೋಡಿನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಯಲ್ಲಿ, ಇಷ್ಟು ಕೆಡುವುದಿಲ್ಲ, ಆದರೂ ನಾನು ಕನ್ನಡಕ್ಕೆ ಎಳೆಯುವುದೇ ಇಲ್ಲ.

ಕಿವಿಯೋದು:

ಆಸ್ಕಿ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ. ಫೋನು ಓದಿ ಹೇಳುತ್ತದೆ, ನಾನು ಕೇಳುತ್ತೇನೆ. ಯೂನಿಕೋಡಿನಲ್ಲಿ ಬರೆದ ಕನ್ನಡ ಚೆನ್ನಾಗಿ ಓದುತ್ತದೆ. ಆಸ್ಕಿ ಫಾಂಟಿನಲ್ಲಿ ಮಾಡಿದ ಫೈಲು ಬಂದರೆ ಅದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒದರುತ್ತದೆ. ನೋಟಿಸಿನ ಫೋಟೋ ತೆಗೆದು ಗುಂಪಿಗೆ ಹಾಕಿದರೆ "ಚಿತ್ರ" ಅಂತ ಹೇಳಿ ಸುಮ್ಮನಾಗುತ್ತದೆ.

ನಿಮ್ಮ ಊರಲ್ಲೂ ನನ್ನಂಥವರು ಇರಬಹುದು. ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಅದೇ ಮಾತನ್ನು ಟೈಪ್ ಮಾಡಿಯೂ ಹಾಕಿ. ಮೇಷ್ಟ್ರು ಬರೆದುಕೊಟ್ಟ ಹಾಗೆ ಸಾಲು ಸಾಲಾಗಿ ಇದ್ದರೆ ಕೇಳುವುದಕ್ಕೂ ಸಲೀಸು. ಮೊದಲ ಸಾಲಲ್ಲೇ ವಿಷಯ ಗೊತ್ತಾದರೆ ಮುಂದೆ ಕೇಳಬೇಕೋ ಬಿಡಬೇಕೋ ತೀರ್ಮಾನಿಸಬಹುದು.

ಬೆಳ್ಳಕ್ಕಿ:

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ವಾಟ್ಸಾಪ್ ಗುಂಪಿಗೆ ಫೋಟೋ ಮಾತ್ರ ಹಾಕುತ್ತಿದ್ದೆವು. ನುಡಿಯಿಂದ ನಕಲು ಮಾಡಿ ಅಂಟಿಸಿದರೆ ಏನೇನೋ ಬರುತ್ತಿತ್ತು, ಅದಕ್ಕೇ ಫೋಟೋ.

ಡಿಟಿಪಿ_ದಾವಣಗೆರೆ:

ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಕೀಲಿಮಣೆ ಅದೇ ಇರುತ್ತದೆ, ಬೆರಳಿಗೆ ಹೊಸದಾಗಿ ಕಲಿಯುವುದು ಏನಿಲ್ಲ. ಕನ್ನಡ 1991ರಲ್ಲೇ ಯೂನಿಕೋಡಿಗೆ ಸೇರಿದೆ. ನಮ್ಮಂಥ ಅಂಗಡಿಗಳಲ್ಲಿ ಮಾತ್ರ ಇನ್ನೂ ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್ ಓಡುತ್ತಿದೆ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಳೇ ಫೈಲುಗಳೆಲ್ಲ ಅದರಲ್ಲೇ ಇವೆ, ಬಿಡುವ ಹಾಗಿಲ್ಲ.

ಇನ್‌ಡಿಸೈನ್ (ಇದೂ ಪುಟ ಜೋಡಿಸುವ ತಂತ್ರಾಂಶ) ಬಳಸುವವರು ಯಾರಾದರೂ ಇದ್ದರೆ, ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಹಾಕಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಒಡೆದು ಸಾಲಾಗಿ ನಿಲ್ಲುತ್ತದೆ. ಫಾಂಟು ಕೆಟ್ಟಿದೆ ಅಂತ ಬೈಯುವವರಲ್ಲಿ ಎಷ್ಟೋ ಜನ ಇದೊಂದನ್ನು ಬದಲಿಸಿರುವುದಿಲ್ಲ.

ಬೆಳ್ಳಕ್ಕಿ:

ಸರಿ, ಹೊಸದನ್ನು ಮಾಡಿದೆ. ಮೇಲೆ ಸಂಘದ ಹೆಸರು ಸಣ್ಣದಾಗಿ. ಆಮೇಲೆ ಮೇಷ್ಟ್ರ ಎರಡು ಸಾಲು ದಪ್ಪವಾಗಿ, "ದಯವಿಟ್ಟು" ತೆಳ್ಳಗೆ. ತಾರೀಕಿನ ಸುತ್ತ ಖಾಲಿ ಬಿಟ್ಟಿದ್ದೇನೆ. ಬಾರ್ಡರು ತೆಗೆದೆ. ಸಹಿ, ಸೀಲು ಎರಡೂ ಉಂಟು. ಎ4 ಸಾಲದು ಅಂತ ಎ3 ಮಾಡಿದೆ.

ಕಾರ್ಯದರ್ಶಿಯವರು ಒಪ್ಪಿದರು. ಆದರೆ ಬಣ್ಣ ಬೇಕಂತೆ. ಹಳದಿ ಹಾಳೆ, ಕೆಂಪು ಅಕ್ಷರ. ಪ್ರೋತ್ಸಾಹಧನದ ಮೊತ್ತ "ಲೀಟರಿಗೆ 5 ರೂಪಾಯಿ" ಎಂಬುದನ್ನು ಹಸಿರು ಪಟ್ಟಿ ಮೇಲೆ ಕೆಂಪಿನಲ್ಲಿ ಹಾಕು ಅಂತಾರೆ. ಏನು ಮಾಡಲಿ?

ಕೋಡುಬಳೆ:

ಇದಕ್ಕೆ ಲೆಕ್ಕವೇ ಇದೆ. ವೆಬ್‌ಸೈಟುಗಳಿಗೆ ಒಂದು ಮಾನದಂಡ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಕಪ್ಪು ಬಿಳುಪಿಗೆ 21 ಬರುತ್ತದೆ. ಅಚ್ಚ ಹಳದಿ ಮೇಲೆ ಅಚ್ಚ ಕೆಂಪು ಹಾಕಿದರೆ ಸುಮಾರು 3.7. ತಲೆಬರಹಕ್ಕೆ ಪಾಸು, ಸಣ್ಣ ಅಕ್ಷರಕ್ಕೆ ಫೇಲು. ಕೆಂಪನ್ನು ಕಡುಗೆಂಪು ಮಾಡಿದರೆ 6 ದಾಟುತ್ತದೆ, ಕಣ್ಣಿಗೂ ಹಿತ.

ಹಸಿರಿನ ಮೇಲೆ ಕೆಂಪು ಮಾತ್ರ ಬೇಡ. ಮಾಮೂಲಿ ಕಡುಹಸಿರು ಹಿಡಿದರೆ ಅನುಪಾತ 1.3 ಕೂಡ ಬರುವುದಿಲ್ಲ. ಎರಡರ ಹೊಳಪೂ ಹೆಚ್ಚುಕಡಿಮೆ ಒಂದೇ. ಬಣ್ಣ ಬೇರೆ ಇದ್ದರೂ ಅಕ್ಷರದ ಅಂಚು ಅದುರಿದ ಹಾಗೆ ಕಾಣುತ್ತದೆ. ಕೆಂಪು ಹಸಿರು ವ್ಯತ್ಯಾಸ ಗೊತ್ತಾಗದ ಕಣ್ಣಿನವರಿಗಂತೂ ಆ ಸಾಲೇ ಮಾಯ. ಕಾರ್ಯದರ್ಶಿಯವರಿಗೆ ತೋರಿಸಬೇಕಾದರೆ ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ತೋರಿಸಿ. ವಾದವೇ ಬೇಕಾಗುವುದಿಲ್ಲ.

ಬ್ರಷ್_ಹುಬ್ಬಳ್ಳಿ:

ಹಸಿರು ಪಟ್ಟಿ ಬೇಕೇ ಬೇಕು ಅಂದರೆ ಅಕ್ಷರ ಬಿಳಿ ಮಾಡ್ರಿ. ಕಡುಹಸಿರ ಮೇಲೆ ಬಿಳಿ ಎಂದೂ ಕೈಕೊಟ್ಟಿಲ್ಲ, ಹೈವೇ ಬೋರ್ಡು ನೋಡಿಲ್ಲೇನು? ಆದರೆ ಆ ಅಕ್ಷರವನ್ನು ಒಂಚೂರು ದಪ್ಪ ಮಾಡಿ. ಪ್ರಿಂಟರಿನ ಮಸಿ ಒಳಕ್ಕೆ ಹಬ್ಬಿ ಬಿಳಿ ಗೆರೆ ಸಣಕಲಾಗುತ್ತದೆ.

ದೂರದೂರು:

"ಲೀಟರಿಗೆ 5 ರೂಪಾಯಿ" ಯಾಕೆ ಹಾಕಬೇಕು? ಎಲ್ಲರಿಗೂ ಗೊತ್ತಿರುವುದೇ ತಾನೆ? ಅದು ದೊಡ್ಡದಾಗಿ ಬಂದರೆ ತಾರೀಕಿಗೆ ಪೈಪೋಟಿ ಆಗುವುದಿಲ್ಲವೇ?

ಬೆಳ್ಳಕ್ಕಿ:

ಗೊತ್ತಿರುವುದೇ. ಆದರೆ ದುಡ್ಡಿನ ಅಂಕಿ ಕಂಡರೆ ಜನ ನಿಂತು ನೋಡುತ್ತಾರೆ ಅನ್ನುವುದು ಕಾರ್ಯದರ್ಶಿಯವರ ವಾದ. ಅದನ್ನು ಸುಳ್ಳು ಅನ್ನಲೂ ಆಗುತ್ತಿಲ್ಲ ನನಗೆ.

ಕನ್ನಡ_ಮೇಷ್ಟ್ರು:

ಅವರಿಗೆ ಜನ ಗೊತ್ತು, ನಮಗೆ ಅಕ್ಷರ ಗೊತ್ತು. ತಲೆಬರಹದೊಳಗೇ ಸೇರಿಸಿಬಿಡಿ: "ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರಬೇಕಾದರೆ". ಆಗ ಪಟ್ಟಿಯೂ ಬೇಡ, ಪೈಪೋಟಿಯೂ ಇಲ್ಲ. 5 ಎನ್ನುವ ಅಂಕಿಯೊಂದೇ ಎರಡು ಪಟ್ಟು ದೊಡ್ಡದಾಗಿರಲಿ.

ಡಿಟಿಪಿ_ದಾವಣಗೆರೆ:

👍 ಇದೇ ಸರಿ. ತಾರೀಕು ಹೇಗೂ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತಿದೆ, ಅದು ಕಾಣುತ್ತದೆ.

ಅಕ್ಕಾ, ಪ್ರಿಂಟ್ ಆದ ಮೇಲೆ ಲ್ಯಾಮಿನೇಷನ್ ಮಾಡಿಸುತ್ತೀರಾ?

ಬೆಳ್ಳಕ್ಕಿ:

ಹೌದು, ಡೇರಿಯಲ್ಲಿ ದಿನಾ ನೀರು ಹೊಡೆದು ತೊಳೆಯುತ್ತಾರೆ. ಹಾಗೇ ಅಂಟಿಸಿದರೆ ಎರಡು ದಿನ ಬಾಳುವುದಿಲ್ಲ.

ಡಿಟಿಪಿ_ದಾವಣಗೆರೆ:

ಹಾಗಾದರೆ ಮ್ಯಾಟ್ ಹಾಕಿಸಿ, ಗ್ಲಾಸಿ ಬೇಡ. ಬೆಳಿಗ್ಗೆ ಟ್ಯೂಬ್‌ಲೈಟ್ ಹಾಕಿರುತ್ತಾರಲ್ಲ, ಗ್ಲಾಸಿ ಆದರೆ ಸಾಲಿನಲ್ಲಿ ನಿಂತವರಿಗೆ ಬರೀ ಬೆಳಕು ಕಾಣುತ್ತದೆ. ಅಂಗಡಿಯಲ್ಲಿ ಮ್ಯಾಟ್ ಇಲ್ಲ ಅಂದರೆ ಲ್ಯಾಮಿನೇಷನ್ ಬಿಟ್ಟುಬಿಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿ.

ಬ್ರಷ್_ಹುಬ್ಬಳ್ಳಿ:

ತೂಗುಹಾಕುವುದಿದ್ದರೆ ತೂಕದ ಮಷೀನಿನ ಮೇಲ್ಗಡೆ ಹಾಕ್ರಿ. ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ.